ಪಿನೋಕಿಯೊನ ಹೊಟ್ಟೆಪಾಡು

ಪಿನೋಕಿಯೊ ಚಿತ್ರಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಒಂದೇ ಕಥೆ ಹೇಳುತ್ತಾರೆ. ಕಾರ್ಲೊ ಕೊಲ್ಲೋದಿ ಬರೆದದ್ದು ಕರಾಳವಾದ, ನಿರ್ದಯವಾದ ಕೃತಿ. 1940ರಲ್ಲಿ ವಾಲ್ಟ್ ಡಿಸ್ನಿ ಅದಕ್ಕೆ ಸಕ್ಕರೆ ಸವರಿದ. ಎಂಬತ್ತು ವರ್ಷಗಳಾದ ಮೇಲೆ ಮತ್ತೆಯೊ ಗರ್ರೋನೆ (2019) ಮತ್ತು ಗಿಯೆರ್ಮೊ ದೆಲ್ ತೋರೊ (2022) ಬಂದು ಸಕ್ಕರೆ ಕೆರೆದು ತೆಗೆದು ಮೂಲದ ಕತ್ತಲನ್ನು ಮರಳಿ ಕೊಟ್ಟರು. ಇದಕ್ಕೆ ಎಲ್ಲರೂ ಕೊಡುವ ಸಾಕ್ಷ್ಯವೂ ಒಂದೇ. 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಾಗ ಕಥೆ ಮೊದಲು ಮುಗಿದದ್ದು ಗೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕುವಲ್ಲಿ, ಹದಿನೈದನೆಯ ಅಧ್ಯಾಯದಲ್ಲಿ. ಇದು ನಿಜ. ಆದರೆ ಈ ಒಂದು ನಿಜದ ಮೇಲೆ ಕಟ್ಟಿದ ಉಳಿದ ವಾದ ನನಗೆ ಒಪ್ಪಿಗೆಯಿಲ್ಲ. ಕತ್ತಲೆ–ಬೆಳಕು ಎಂಬ ಅಳತೆಗೋಲು ಹಿಡಿದು ಹೊರಟವರು ಕೃತಿಯ ಉದ್ದಕ್ಕೂ ಹರಡಿರುವ ಮುಖ್ಯ ವಸ್ತುವನ್ನೇ ಅಳೆಯದೆ ಬಿಟ್ಟಿದ್ದಾರೆ.

ಮೊದಲಿಗೆ ಡಿಸ್ನಿ. ಈ ಚಿತ್ರ ಮೆತ್ತಗಿದೆ ಎನ್ನುವವರು ಅದನ್ನು ಇತ್ತೀಚೆಗೆ ನೋಡಿಲ್ಲ ಎಂದೇ ನನ್ನ ಗುಮಾನಿ. ಲ್ಯಾಂಪ್‌ವಿಕ್ ಎಂಬ ಹುಡುಗ ಕತ್ತೆಯಾಗುವ ದೃಶ್ಯ ನೋಡಿ. ಕೈಗಳು ಗೊರಸಾಗುತ್ತವೆ, ಬದಲಾಗುತ್ತಿರುವ ಮೈಯ ನೆರಳು ಗೋಡೆಯ ಮೇಲೆ ಬೀಳುತ್ತದೆ, ತಾಯಿಯನ್ನು ಕರೆಯುವ ಕೂಗು ಕತ್ತೆಯ ಅರಚಾಟದಲ್ಲಿ ಕಳೆದುಹೋಗುತ್ತದೆ. ಗರ್ರೋನೆಯಾಗಲಿ ದೆಲ್ ತೋರೊ ಆಗಲಿ ಇಷ್ಟು ಭಯ ಹುಟ್ಟಿಸಿಲ್ಲ. ಇನ್ನೊಂದನ್ನು ಗಮನಿಸಿ: ಕತ್ತೆಗಳಾಗಿ ಮಾರಾಟವಾದ ಆ ಹುಡುಗರು ಚಿತ್ರದಲ್ಲಿ ಮತ್ತೆಂದೂ ಮನೆಗೆ ಮರಳುವುದಿಲ್ಲ. ಅವರನ್ನು ಮಾರಿದ ಗಾಡಿಯವನಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಕರಾಳತೆಯೇ ಮಾನದಂಡವಾಗಿದ್ದರೆ ಡಿಸ್ನಿ ಯಾವತ್ತೋ ಗೆದ್ದಾಗಿದೆ. ಕಲೆಗಾರಿಕೆಯಲ್ಲಂತೂ ಈ ಪರಂಪರೆಯ ಯಾವ ಚಿತ್ರವೂ ಅದರ ಸಮಕ್ಕೆ ನಿಲ್ಲುವುದಿಲ್ಲ. ಹಳ್ಳಿಯ ಚಾವಣಿಗಳ ಮೇಲಿಂದ ಮಲ್ಟಿಪ್ಲೇನ್ ಕ್ಯಾಮೆರಾ ಇಳಿದು ಬರುವ ಶಾಟ್ ಒಂದೇ ಸಾಕು.

ಹಾಗಾದರೆ ಡಿಸ್ನಿ ತೆಗೆದುಹಾಕಿದ್ದು ಏನನ್ನು? ಹಸಿವನ್ನು.

ಕೊಲ್ಲೋದಿಯ ಪುಸ್ತಕವನ್ನು ತೆರೆದು ಯಾರು ಯಾವಾಗ ಏನು ತಿಂದರು ಎಂದಷ್ಟೇ ನೋಡುತ್ತ ಹೋಗಿ. ಎರಡನೆಯ ಅಧ್ಯಾಯದಲ್ಲಿ ಜೆಪೆಟ್ಟೊ ಮರದ ಕೊರಡು ಕೇಳಲು ಬರುವುದು ಮಗನ ಹಂಬಲದಿಂದಲ್ಲ. ಕುಣಿಯುವ, ಲಾಗ ಹಾಕುವ ಗೊಂಬೆಯೊಂದನ್ನು ಮಾಡಿ, ಅದನ್ನು ಊರೂರಿಗೆ ಹೊತ್ತು ತಿರುಗಿ, ಒಂದು ತುಂಡು ರೊಟ್ಟಿ ಒಂದು ಲೋಟ ವೈನು ಸಂಪಾದಿಸುವುದು ಅವನ ಯೋಜನೆ. ಅವನ ಮನೆಯಲ್ಲಿ ಒಂದು ಕೆಟ್ಟ ಕುರ್ಚಿ, ಒಂದು ಕೆಟ್ಟ ಹಾಸಿಗೆ, ಒಂದು ಮುರುಕು ಮೇಜು. ಗೋಡೆಯಲ್ಲಿ ಒಲೆ ಉರಿಯುತ್ತಿದೆ, ಮೇಲೆ ಪಾತ್ರೆ ಕುದಿಯುತ್ತಿದೆ. ಬೆಂಕಿ, ಪಾತ್ರೆ, ಹೊಗೆಯಾಡುವ ಆವಿ ಎಲ್ಲವೂ ಬಣ್ಣದಲ್ಲಿ ಬರೆದ ಚಿತ್ರ. ಹಸಿದ ಪಿನೋಕಿಯೊ ಮುಚ್ಚಳ ತೆಗೆಯಲು ಹೋಗಿ ಅದು ಚಿತ್ರವೆಂದು ತಿಳಿದು ಪೆಚ್ಚಾಗುತ್ತಾನೆ. ಆಗ ಅವನ ಮೂಗು ನಾಲ್ಕು ಬೆರಳುದ್ದ ಬೆಳೆಯುತ್ತದೆ! ಸುಳ್ಳಿಗೆ ಮೂಗು ಬೆಳೆಯುವುದು ಹದಿನೇಳನೆಯ ಅಧ್ಯಾಯದಲ್ಲಿ. ಅದಕ್ಕೂ ಹನ್ನೆರಡು ಅಧ್ಯಾಯ ಮೊದಲು ಅದು ಹಸಿದವನ ನಿರಾಸೆಗೆ ಬೆಳೆದಿರುತ್ತದೆ. ಜಗತ್ತು ಪಿನೋಕಿಯೊನ ಮೂಗನ್ನು ಸುಳ್ಳು ಹಿಡಿಯುವ ಯಂತ್ರ ಮಾಡಿಕೊಂಡಿದೆ. ಅದಕ್ಕೆ ಮೊದಲು ಗೊತ್ತಾದದ್ದು ಖಾಲಿ ಪಾತ್ರೆ.

ಮುಂದೆಯೂ ಇದೇ. ಸಿಕ್ಕ ಒಂದು ಮೊಟ್ಟೆ ಒಡೆದರೆ ಮರಿ ಹಾರಿಹೋಗುತ್ತದೆ. ರಾತ್ರಿ ಊರಿಗೆ ಹೋಗಿ ರೊಟ್ಟಿ ಬೇಡಿದರೆ ಮುದುಕನೊಬ್ಬ ತಲೆ ಮೇಲೆ ನೀರು ಸುರಿಯುತ್ತಾನೆ. ಜೆಪೆಟ್ಟೊ ತನಗಾಗಿ ತಂದ ಮೂರು ಮರಸೇಬುಗಳನ್ನು ಕೊಟ್ಟಾಗ ಹುಡುಗ ಸಿಪ್ಪೆ ಬೇಡವೆಂದು ಹಟ ಹಿಡಿದು, ಕೊನೆಗೆ ಸಿಪ್ಪೆಯನ್ನೂ ಬೀಜದ ಗಟ್ಟಿಯನ್ನೂ ತಿಂದು ಮುಗಿಸುತ್ತಾನೆ. ಅವನ ಉಡುಪು ಕಾಗದದ್ದು, ಬೂಟು ಮರದ ತೊಗಟೆಯದು, ಟೋಪಿ ರೊಟ್ಟಿಯ ತಿರುಳಿನದು. ಹೋಟೆಲಿನಲ್ಲಿ ನರಿ, ಬೆಕ್ಕು ಹೊಟ್ಟೆ ಬಿರಿಯ ತಿನ್ನುತ್ತವೆ. ಬಿಲ್ಲು ಕಟ್ಟುವ ಪಿನೋಕಿಯೊನಿಗೆ ಅಕ್ರೋಟಿನ ಚೂರು, ರೊಟ್ಟಿಯ ತುದಿ. ಹಸಿವಿಗೆ ದ್ರಾಕ್ಷಿಗೊನೆ ಕೀಳಲು ಹೋದವನು ಬೋನಿಗೆ ಸಿಕ್ಕಿ ಕಾವಲು ನಾಯಿಯಾಗುತ್ತಾನೆ. ದೇವತೆಯ ಮನೆ ಬಾಗಿಲಲ್ಲಿ ಊಟ ಬಂತೆಂದುಕೊಂಡರೆ ರೊಟ್ಟಿ ಗಾರೆಯದು, ಕೋಳಿ ರಟ್ಟಿನದು, ಹಣ್ಣು ಹಾಲುಗಲ್ಲಿನದು. ಇಡೀ ಪುಸ್ತಕದಲ್ಲಿ ದಾಸ್ತಾನು ತುಂಬಿದ ಉಗ್ರಾಣವೆಂದರೆ ದೈತ್ಯ ಮೀನಿನ ಹೊಟ್ಟೆ! ಅದು ನುಂಗಿದ ಹಡಗಿನ ಡಬ್ಬಿ ಮಾಂಸ, ಬಿಸ್ಕತ್ತು, ಗಿಣ್ಣು, ವೈನು, ಕಾಫಿಯಿಂದ ಜೆಪೆಟ್ಟೊ ಎರಡು ವರ್ಷ ಬದುಕಿರುತ್ತಾನೆ.

ಇದನ್ನು ವಿವರವೆಂದು ಬದಿಗೆ ಸರಿಸಲಾಗದು. ಹುಲಿಗೆ ಹಸಿವಿಲ್ಲದಿದ್ದರೆ ಗೋವಿನ ಹಾಡೇ ಇಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಲ್ಲೋದಿಯ ಇಟಲಿ ಒಂದಾಗಿ ಇನ್ನೂ ಇಪ್ಪತ್ತು ವರ್ಷ. 1877ರ ಕೊಪ್ಪೀನೊ ಕಾನೂನು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತ್ತು. ಶಾಲೆ ಕಡ್ಡಾಯ, ಆದರೆ ಅಕ್ಷರ ಪುಸ್ತಕಕ್ಕೆ ದುಡ್ಡೆಲ್ಲಿ? ಜೆಪೆಟ್ಟೊ ಹಿಮ ಬೀಳುತ್ತಿರುವಾಗ ಕೋಟು ಮಾರಿ ಪುಸ್ತಕ ತರುತ್ತಾನೆ. ಮಗ ಅದನ್ನೇ ಮಾರಿ ಗೊಂಬೆಯಾಟ ನೋಡುತ್ತಾನೆ. ಅವನ ಅಪರಾಧ ನಮ್ಮನ್ನು ಚುಚ್ಚುವುದು ಅವಿಧೇಯತೆಯಿಂದಲ್ಲ, ಆ ಕೋಟಿನ ಲೆಕ್ಕದಿಂದ.

ಡಿಸ್ನಿಯ ಜೆಪೆಟ್ಟೊನನ್ನು ಇದರ ಪಕ್ಕದಲ್ಲಿ ನಿಲ್ಲಿಸಿ. ಗೋಡೆ ತುಂಬ ಗಡಿಯಾರಗಳು, ಸಾಕಿದ ಬೆಕ್ಕು, ಬೋಗುಣಿಯಲ್ಲಿ ಮೀನು, ಮೆತ್ತನೆ ಹಾಸಿಗೆ. ಅವನಿಗೆ ಇರುವ ಕೊರತೆ ಒಂದೇ, ಮಗು. ಅದಕ್ಕಾಗಿ ನಕ್ಷತ್ರವನ್ನು ಬೇಡುತ್ತಾನೆ. ಹುಡುಗ ಶಾಲೆಗೆ ಹೊರಟಾಗ ಕೈಯಲ್ಲೊಂದು ಸೇಬು ಇರುತ್ತದೆ, ಅದು ಮೇಷ್ಟರಿಗೆ. ಊಟ ತಿಂಡಿ ಧಾರಾಳವಾಗಿ ಕಾಣಿಸುವುದು ಪ್ಲೆಷರ್ ಐಲೆಂಡಿನಲ್ಲಿ. ಅಲ್ಲಿ ಕಡುಬು, ಐಸ್‌ಕ್ರೀಮು ಬಾಚಿ ತಿನ್ನುವುದು ಹಾಳಾಗುವ ದಾರಿಯ ಮೊದಲ ಮೆಟ್ಟಿಲು. ಕೊಲ್ಲೋದಿಯ ಆಟದ ನಾಡಿನಲ್ಲಿ ಇರುವುದು ಆಟ, ಗದ್ದಲ, ಶಾಲೆಯಿಲ್ಲದ ರಜೆ. ಹಸಿವು ಹೋಗಿ ಹೊಟ್ಟೆಬಾಕತನ ಬಂತು, ತುತ್ತಿನ ಚಿಂತೆ ಹೋಗಿ ತುತ್ತಿನ ಪಾಪ ಬಂತು. ತಿಮಿಂಗಿಲದ ಹೊಟ್ಟೆಯಲ್ಲಿ ಅವರು ಉಪವಾಸ ಬೀಳುವುದಿಲ್ಲವೇ ಎಂದು ಡಿಸ್ನಿಯ ಪರ ವಾದಿಸಬಹುದು. ಬೀಳುತ್ತಾರೆ. ಆದರೆ ಅದು ಸಾಹಸಕಥೆಯ ಗಂಡಾಂತರ. ಮೀನಿನ ಹಿಂಡು ಬಂದೊಡನೆ ಪರಿಹಾರ. ಬಡತನಕ್ಕೆ ಹಾಗೆ ಹಿಂಡು ಬರುವುದಿಲ್ಲ.

ರಷ್ಯನ್ನರು ಇದನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದರು. ಅಲೆಕ್ಸೇಯ್ ಟಾಲ್‌ಸ್ಟಾಯ್ 1936ರಲ್ಲಿ ಬರೆದ ಬುರತೀನೊ ಕಥೆಯಲ್ಲಿ, 1975ರ ನೆಚಾಯೆವ್ ಚಿತ್ರದಲ್ಲಿ ಬಣ್ಣದ ಒಲೆಯೇ ಕಥೆಯ ಕೀಲಿ: ಅದನ್ನು ಬರೆದ ಬಟ್ಟೆಯ ಹಿಂದೆ ಬಾಗಿಲಿದೆ, ಬಂಗಾರದ ಕೀಲಿಕೈ ತಿರುಗಿಸಿದರೆ ಒಳಗೆ ಗೊಂಬೆಗಳ ರಂಗಶಾಲೆ. ಡಿಸ್ನಿ ಒಲೆಯನ್ನು ಹೊತ್ತಿಸಿದ. ಸೋವಿಯೆತ್ ಕಲ್ಪನೆ ಅದನ್ನು ಹರಿದು ಒಳಹೊಕ್ಕಿತು. ಎರಡನೆಯದು ಜಾಣತನದ ಓದು ಎಂದೇ ನನ್ನ ಎಣಿಕೆ.

ಆದರೂ ನನ್ನ ಮತ ಇನ್ನೊಂದಕ್ಕೆ: 1972ರಲ್ಲಿ ಲುಯೀಜಿ ಕೊಮೆಂಚೀನಿ ಇಟಲಿಯ ಸಾರ್ವಜನಿಕ ಟೆಲಿವಿಷನ್ ಆರ್‌ಎಐಗಾಗಿ ಮಾಡಿದ ಐದು ಕಂತುಗಳ ಸರಣಿ. ನಿಷ್ಠೆಯ ಲೆಕ್ಕ ಹಾಕುವವರು ಇದನ್ನು ತಿರಸ್ಕರಿಸಬೇಕು. ಇಲ್ಲಿ ಗೊಂಬೆ ಕಥೆಯ ಆರಂಭದಲ್ಲೇ ರಕ್ತಮಾಂಸದ ಹುಡುಗನಾಗುತ್ತಾನೆ, ತಪ್ಪು ಮಾಡಿದಾಗ ಮಾತ್ರ ಮರಳಿ ಮರವಾಗುತ್ತಾನೆ. ಮೂಲದ ಬೆನ್ನೆಲುಬನ್ನೇ ಮುರಿದಂತಾಯಿತು ಎಂದು ಕಾಣಬಹುದು. ನನಗೆ ಇದು ಈ ಕಥೆಯನ್ನು ತೆರೆಗೆ ತಂದವರ ಅತಿ ಸೂಕ್ಷ್ಮವಾದ ನಿರ್ಧಾರ. ಪುಟದ ಮೇಲೆ ಮರದ ಗೊಂಬೆ ಹಸಿದಿದೆ ಎಂದರೆ ನಂಬುತ್ತೇವೆ, ಏಕೆಂದರೆ ಮರವನ್ನು ಮರೆಯುತ್ತೇವೆ. ತೆರೆಯ ಮೇಲೆ ಮರ ಮರೆಯಲು ಬಿಡುವುದಿಲ್ಲ. ಮರಕ್ಕೆ ಹೊಟ್ಟೆ ಒಳಸೇರುವುದಿಲ್ಲ, ತುಟಿ ಒಣಗುವುದಿಲ್ಲ. ಪೀಸಾ ನಗರದ, ನಟನೆ ಗೊತ್ತಿಲ್ಲದ ಹುಡುಗ ಆಂದ್ರೆಯಾ ಬಾಲೆಸ್ತ್ರಿಯನ್ನು ಚಳಿಗೆ, ಮಣ್ಣು ರಸ್ತೆಗೆ ಬಿಟ್ಟ ಕೊಮೆಂಚೀನಿ ಪುಸ್ತಕದ ಮಾತಿಗೆ ತಪ್ಪಿ ಅದರ ಹೊಟ್ಟೆಗೆ ಪ್ರಾಮಾಣಿಕನಾದ. ಚಿತ್ರಕಥೆಯಲ್ಲಿ ಅವನ ಜೊತೆಗಿದ್ದದ್ದು ಸೂಸೊ ಚೆಕ್ಕಿ ದಾಮೀಕೊ. 1948ರ ‘ಬೈಸಿಕಲ್ ಥೀವ್ಸ್’ ಬರೆದವರಲ್ಲಿ ಒಬ್ಬಾಕೆ. ಆ ಚಿತ್ರ ಮಾಡಿದ ವಿತ್ತೋರಿಯೊ ದೆ ಸೀಕಾ ಇಲ್ಲಿ ನ್ಯಾಯಾಧೀಶನ ವೇಷದಲ್ಲಿದ್ದಾನೆ. ಕೆಲಸ ಕಳೆದುಕೊಳ್ಳುತ್ತಿರುವ ಅಪ್ಪ ಮಗನನ್ನು ಹೋಟೆಲಿಗೆ ಕರೆದೊಯ್ಯುವ, ಪಕ್ಕದ ಮೇಜಿನ ಸಿರಿವಂತ ಹುಡುಗ ತಿನ್ನುವುದನ್ನು ಈ ಹುಡುಗ ನೋಡುವ ದೃಶ್ಯ ನೆನಪಿದ್ದವರಿಗೆ ಕೊಮೆಂಚೀನಿಯ ಪಿನೋಕಿಯೊ ಯಾವ ಮನೆತನದವನೆಂದು ತಿಳಿಯುತ್ತದೆ. ನೀನೊ ಮನ್‌ಫ್ರೇದಿಯ ಜೆಪೆಟ್ಟೊ ಮೀನಿನ ಹೊಟ್ಟೆಯಲ್ಲಿ ಹಾಯಾಗಿ ನೆಲೆಸಿಬಿಟ್ಟಿದ್ದಾನೆ, ಹೊರಡಲು ಅಷ್ಟೇನೂ ಮನಸ್ಸಿಲ್ಲ. ಹೊರಗೆ ಅವನಿಗೆ ಕಾದಿರುವುದೇನು ಎಂದು ನೋಡಿ ಬಂದ ನಮಗೆ ಅದು ತಮಾಷೆಯೂ ಹೌದು, ತರ್ಕವೂ ಹೌದು.

ರೊಬೆರ್ತೊ ಬೆನೀನಿಯ 2002ರ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐವತ್ತರ ಅಂಚಿನ ನಟ ತಾನೇ ಗೊಂಬೆಯಾಗಿ ಕುಣಿದ. ಘಟನೆಗಳಿಗೆ ನಿಷ್ಠೆಯಿದೆ, ಆದರೆ ಆ ಮೈ ಊಟ ಕಂಡ ಮೈ. ಅದೇ ಬೆನೀನಿ ಹದಿನೇಳು ವರ್ಷದ ನಂತರ ಗರ್ರೋನೆಯ ಚಿತ್ರದಲ್ಲಿ ಜೆಪೆಟ್ಟೊ ಆಗಿ ಬಂದು ತನ್ನ ಸಾಲ ತೀರಿಸಿದ್ದಾನೆ. ಹೋಟೆಲಿಗೆ ಬಂದು ಈ ಮೇಜು ಅಲುಗುತ್ತಿದೆ, ಈ ಬಾಗಿಲು ಸರಿಯಿಲ್ಲ ಎಂದು ಇಲ್ಲದ ದೋಷ ಹುಡುಕಿ, ರಿಪೇರಿಯ ನೆಪದಲ್ಲಿ ಒಂದು ಊಟ ಗಿಟ್ಟಿಸಲು ಹೆಣಗುವ ಆರಂಭದ ದೃಶ್ಯ ಪುಸ್ತಕದಲ್ಲಿಲ್ಲ, ಇರಬೇಕಿತ್ತು. ಬೇಡಲಾರದ ಮಾನ, ತಡೆಯಲಾರದ ಹೊಟ್ಟೆ ಎರಡೂ ಆ ಕಣ್ಣಿನಲ್ಲಿವೆ. ವಿಮರ್ಶಕರು ಮಾತ್ರ ಈ ಚಿತ್ರವನ್ನು ಅದರ ವಿಲಕ್ಷಣ ಪ್ರಾಣಿ-ಮನುಷ್ಯರಿಗಾಗಿ, ಮಬ್ಬು ಬಣ್ಣಗಳಿಗಾಗಿ ಹೊಗಳಿದರು. ಗರ್ರೋನೆಗೂ ಕೊನೆಕೊನೆಗೆ ಆ ಮೇಕಪ್ಪಿನ ಮೋಹವೇ ಹೆಚ್ಚಾಯಿತು ಎಂಬುದು ನನ್ನ ದೂರು. ಮೊದಲ ಹತ್ತು ನಿಮಿಷದ ಜೆಪೆಟ್ಟೊ ಬೇಗ ಕಣ್ಮರೆಯಾಗುತ್ತಾನೆ, ನಂತರ ಬರುವುದು ಅದ್ಭುತಗಳ ಪ್ರದರ್ಶನ.

ದೆಲ್ ತೋರೊನ ಚಿತ್ರದೊಡನೆ ಜಗಳ ಕಷ್ಟ, ಏಕೆಂದರೆ ಅದು ನಿಜಕ್ಕೂ ಚೆಲುವಾದ ಚಿತ್ರ. ಮಾರ್ಕ್ ಗುಸ್ಟಾಫ್‌ಸನ್ ಜೊತೆ ಸೇರಿ ಅವನು ಮಾಡಿದ ಈ ಸ್ಟಾಪ್-ಮೋಷನ್ ಕೆಲಸಕ್ಕೆ 2023ರಲ್ಲಿ ಆಸ್ಕರ್ ಬಂದದ್ದು ಸರಿಯೇ. ಆದರೆ ಇದು ಕೊಲ್ಲೋದಿಗೆ ಮರಳಿದ ಚಿತ್ರ ಎನ್ನುವುದು ತಪ್ಪು. ಇಲ್ಲಿಯ ಜೆಪೆಟ್ಟೊ ಮಹಾಯುದ್ಧದ ಬಾಂಬಿಗೆ ಮಗನನ್ನು ಕಳೆದುಕೊಂಡವನು. ಕುಡಿದು, ರೋಷದಲ್ಲಿ ಗೊಂಬೆ ಕೆತ್ತುತ್ತಾನೆ. ಸತ್ತ ಮಗನ ಜಾಗಕ್ಕೆ ಮಾಡಿದ ಮಗ ಎಂಬ ವಸ್ತು ತೆಜುಕಾನ ಆಸ್ಟ್ರೊ ಬಾಯ್‌ನಲ್ಲಿ 1950ರ ದಶಕದಲ್ಲೇ ಇತ್ತು. ಝೆಮೆಕಿಸ್ 2022ರಲ್ಲಿ ಡಿಸ್ನಿಗಾಗಿ ಮಾಡಿದ ನೀರಸ ಮರುರೂಪದಲ್ಲೂ ಇದೆ. ನಕ್ಷತ್ರಕ್ಕೆ ಕೈಮುಗಿದ ಡಿಸ್ನಿಯ ಜೆಪೆಟ್ಟೊನಿಂದ ಇದಕ್ಕೆ ಒಂದೇ ಹೆಜ್ಜೆ. ಅಂದರೆ ಡಿಸ್ನಿ-ವಿರೋಧಿ ಎಂದು ಕೊಂಡಾಡಲ್ಪಟ್ಟ ಚಿತ್ರ ಡಿಸ್ನಿಯ ವಾರಸುದಾರನೇ: ಗೊಂಬೆ ಬೇಕಾದದ್ದು ತಂದೆಯ ಎದೆಗೆ, ಅವನ ತಟ್ಟೆಗಲ್ಲ. ಇನ್ನು ಈ ಪಿನೋಕಿಯೊ ಸತ್ತು ಸತ್ತು ಎದ್ದು ಬರುವವನು. ಸಾವೇ ತಾತ್ಕಾಲಿಕವಾದವನಿಗೆ ಊಟ ತಪ್ಪಿದರೆ ಏನು?

ಮುಸೊಲಿನಿಯ ಇಟಲಿಯನ್ನು ತಂದು ಅವನು ಕಥೆಗೆ ರಾಜಕೀಯ ಕೊಟ್ಟನಲ್ಲ ಎಂಬ ಮಾತಿದೆ. ಅದು ಗಟ್ಟಿ ವಾದ. ಸೆಲ್ಯೂಟ್ ಹೊಡೆಯುವ ಮಕ್ಕಳ ಶಿಬಿರ ಮರೆಯುವಂಥದ್ದಲ್ಲ. ಆದರೆ ರಾಜಕೀಯ ಇಲ್ಲದ ಕಥೆಗೆ ರಾಜಕೀಯ ಬಂತು ಎಂಬ ಧ್ವನಿಯನ್ನು ಒಪ್ಪಲಾರೆ. ಕೊಲ್ಲೋದಿ 1848ರಲ್ಲೂ 1859ರಲ್ಲೂ ಸ್ವಯಂಸೇವಕನಾಗಿ ಯುದ್ಧಕ್ಕೆ ಹೋದವನು. ಅವನ ಗೊರಿಲ್ಲಾ ನ್ಯಾಯಾಧೀಶ ಹಣ ಕಳೆದುಕೊಂಡು ದೂರು ಕೊಟ್ಟವನನ್ನೇ ನಾಲ್ಕು ತಿಂಗಳು ಒಳಗೆ ಹಾಕುತ್ತಾನೆ. ಕ್ಷಮಾದಾನ ಬಂದಾಗ ಅದು ಪುಂಡರಿಗೆ ಮಾತ್ರ, ಹಾಗಾಗಿ ಪಿನೋಕಿಯೊ ತಾನೂ ಪುಂಡನೆಂದು ಹೇಳಿ ಹೊರಬರುತ್ತಾನೆ. ಇದಕ್ಕಿಂತ ಹರಿತವಾದ ರಾಜಕೀಯ ಯಾವ ಸಮವಸ್ತ್ರದಲ್ಲಿದೆ?

ಕೊಲ್ಲೋದಿಯೂ ಉಪದೇಶಕನೇ, ದುಡಿದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದು ಮಕ್ಕಳನ್ನು ಗದರಿಸಿದವನೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವನ ಕೊನೆಯ ಅಧ್ಯಾಯವೇ ಆ ಉಪದೇಶವನ್ನು ಸಡಿಲ ಮಾಡುತ್ತದೆ. ಕಾಯಿಲೆ ಬಿದ್ದ ಜೆಪೆಟ್ಟೊನಿಗೆ ಒಂದು ಲೋಟ ಹಾಲು ಬೇಕು. ಪಿನೋಕಿಯೊ ನೂರು ಬಿಂದಿಗೆ ನೀರೆತ್ತಬೇಕು. ಅದುವರೆಗೆ ಆ ರಾಟೆ ತಿರುಗಿಸುತ್ತಿದ್ದ ಕತ್ತೆ ಹಸಿವಿನಿಂದ, ದುಡಿತದಿಂದ ಸಾಯುತ್ತಿದೆ, ಅದು ಆಟದ ನಾಡಿನಲ್ಲಿ ಕತ್ತೆಯಾದ ಅವನ ಗೆಳೆಯ. ದುಡಿದ ಕತ್ತೆಯೂ ಉಣ್ಣಲಿಲ್ಲ. ಮುಂದೆ ಹೊಸ ಬಟ್ಟೆಗೆಂದು ಕೂಡಿಟ್ಟ ನಲವತ್ತು ಕಾಸನ್ನು ಅವನು ಬಸವನಹುಳುವಿನ ಕೈಗೆ ಕೊಟ್ಟುಬಿಡುತ್ತಾನೆ, ಏಕೆಂದರೆ ನೀಲಿ ಕೂದಲ ದೇವತೆ ಆಸ್ಪತ್ರೆಯಲ್ಲಿದ್ದಾಳೆ, ಒಂದು ತುತ್ತು ರೊಟ್ಟಿಗೂ ಅವಳ ಬಳಿ ಕಾಸಿಲ್ಲ ಎಂಬ ಸುದ್ದಿ ಬಂದಿದೆ. ಡಿಸ್ನಿಯ ಹೊಳೆಯುವ ದೇವತೆಯನ್ನಾಗಲಿ, ದೆಲ್ ತೋರೊನ ರೆಕ್ಕೆ ತುಂಬ ಕಣ್ಣುಳ್ಳ ವನದೇವತೆಯನ್ನಾಗಲಿ ಆ ಮಂಚದ ಮೇಲೆ ಮಲಗಿಸಿ ನೋಡಲಾಗದು. ಕೊಮೆಂಚೀನಿ ಕೂಡ ತಂದೆ ಮಗನನ್ನು ಮೀನಿನ ಹೊಟ್ಟೆಯಿಂದ ದಡಕ್ಕೆ ತಂದು ಅಲ್ಲಿಗೆ ನಿಲ್ಲಿಸಿಬಿಟ್ಟ. ಜೀನಾ ಲೊಲ್ಲೊಬ್ರಿಜಿದಾಳ ದೇವತೆ ಕಾಸಿಲ್ಲದವಳಾಗುವ ಅಧ್ಯಾಯ ಅವನಿಗೂ ಬೇಡವಾಯಿತು. ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವ ಸರಣಿಯ ಮೇಲೆ ನನಗಿರುವ ದೊಡ್ಡ ತಕರಾರು ಇದೇ.