ಲೂಯಿ ಬೆಲ್ಸನ್ನನೂ ವಿದ್ಯಾರ್ಥಿಗಳ ವಾದ್ಯಮೇಳವೂ

ಸಂಗೀತಸಭೆಗೆ ಅತಿಥಿಯಾಗಿ ಬರುವ ವಿದ್ವಾಂಸನಿಗೆ ಸಾಮಾನ್ಯವಾಗಿ ಮುಂದಿನ ಪೀಠವೇ ಮೀಸಲು. ಆತನು ಹಾಡುಗಾರನಾಗಿರಲಿ, ಪಿಟೀಲು ವಾದಕನಾಗಿರಲಿ, ಸ್ಥಳದವರು ಹಿಂದೆ ಕುಳಿತು ಆತನಿಗೆ ಆಸರೆಯಾಗುತ್ತಾರೆ. ಬಂದವನು ಲಯವಾದ್ಯದವನಾದರೋ ಈ ಕ್ರಮವು ತಲೆಕೆಳಗಾಗುತ್ತದೆ. ಜಗಲಿಯ ಮೇಲೆ ಕುಳಿತು ಸತ್ಕಾರವನ್ನು ಸ್ವೀಕರಿಸಬೇಕಾದ ಅತಿಥಿಯು ನೇರವಾಗಿ ಅಡಿಗೆಮನೆಯನ್ನು ಹೊಕ್ಕು, ಮನೆಯವರಿಗೆಲ್ಲ ತಾನೇ ಬೇಯಿಸಿ ಬಡಿಸಬೇಕಾದ ಸ್ಥಿತಿ ಅದು. ಅಮೆರಿಕಾ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಜಾಝ್ ಸಂಗೀತದ ವಿದ್ಯಾರ್ಥಿಮೇಳಗಳೊಡನೆ ಹೆಸರಾಂತ ಡ್ರಮ್ ವಾದಕರು ಅತಿಥಿಗಳಾಗಿ ಕುಳಿತು ನುಡಿಸುವ ವಾಡಿಕೆಯುಂಟು. ಅದರ ಗುಣದೋಷಗಳನ್ನು ವಿಚಾರಿಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು.

ಈ ವಾಡಿಕೆಯನ್ನು ಪರೀಕ್ಷಿಸುವುದಕ್ಕೆ ಲೂಯಿ ಬೆಲ್ಸನ್ನನಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಈತನು ೧೯೨೪ರಲ್ಲಿ ಇಲಿನಾಯ್ ಸಂಸ್ಥಾನದ ರಾಕ್ ಫಾಲ್ಸ್ ಎಂಬ ಊರಿನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ ಹುಟ್ಟಿದನು. ತಂದೆಗೆ ವಾದ್ಯಗಳ ಅಂಗಡಿಯಿತ್ತು. ಶಾಲೆಯಲ್ಲಿ ಓದುತ್ತಿದ್ದಾಗಲೇ, ತನ್ನ ಹದಿನೈದರ ವಯಸ್ಸಿನಲ್ಲಿ, ಎರಡು ಬಾಸ್ ಡ್ರಮ್ಮುಗಳನ್ನು ಎರಡು ಕಾಲುಗಳಿಂದ ನುಡಿಸುವ ಹೊಸ ಜೋಡಣೆಯ ಚಿತ್ರವನ್ನು ಬರೆದನು. ಬೆನ್ನಿ ಗುಡ್‌ಮನ್, ಟಾಮಿ ಡಾರ್ಸಿ, ಹ್ಯಾರಿ ಜೇಮ್ಸ್ ಇವರ ಮೇಳಗಳಲ್ಲಿ ನುಡಿಸಿ, ೧೯೫೧ರಲ್ಲಿ ಡ್ಯೂಕ್ ಎಲಿಂಗ್ಟನ್ನನ ಮೇಳವನ್ನು ಸೇರಿ, ೧೯೫೩ರ ವರೆಗೆ ಅಲ್ಲಿದ್ದನು. ತರುವಾಯ ಸ್ವಂತ ಮೇಳಗಳನ್ನು ಕಟ್ಟಿದನು. ೨೦೦೯ರಲ್ಲಿ ತೀರಿಕೊಂಡ ಈ ವಾದಕನು ತನ್ನ ದೀರ್ಘವಾದ ಜೀವಿತದಲ್ಲಿ ಶಾಲೆ ಕಾಲೇಜುಗಳನ್ನು ಸುತ್ತಿ ಪಾಠ ಹೇಳುವುದನ್ನೂ ವಿದ್ಯಾರ್ಥಿಗಳೊಡನೆ ಕುಳಿತು ನುಡಿಸುವುದನ್ನೂ ಒಂದು ವ್ರತದಂತೆ ನಡೆಸಿಕೊಂಡು ಬಂದನು. ೧೯೮೫ರಲ್ಲಿ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯವು ಆತನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಬಿಗ್ ಬ್ಯಾಂಡ್ ಎಂದು ಕರೆಯುವ ಮೇಳದಲ್ಲಿ ಸಾಮಾನ್ಯವಾಗಿ ಹದಿನೇಳು ಮಂದಿ ಇರುತ್ತಾರೆ. ಸ್ಯಾಕ್ಸೊಫೋನಿನವರು ಐವರು, ಟ್ರಂಪೆಟ್ಟಿನವರು ನಾಲ್ವರು, ಟ್ರಾಂಬೋನಿನವರು ನಾಲ್ವರು, ಉಳಿದವರು ಪಿಯಾನೋ, ಗಿಟಾರು, ಬಾಸ್ ಎಂಬ ದೊಡ್ಡ ತಂತೀವಾದ್ಯ, ಡ್ರಮ್ ಇವುಗಳನ್ನು ನುಡಿಸುವವರು. ಭರತಮುನಿಯು ವಾದ್ಯಗಳನ್ನು ತತ, ಸುಷಿರ, ಘನ, ಅವನದ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನಷ್ಟೆ. ಡ್ರಮ್ ವಾದಕನ ಮುಂದಿರುವ ಸಲಕರಣೆಯಲ್ಲಿ ಇವುಗಳ ಪೈಕಿ ಎರಡು ಒಂದುಗೂಡಿವೆ. ಬಿಗಿದ ಹೊದಿಕೆಯ ಡ್ರಮ್ಮುಗಳು ಅವನದ್ಧ; ಸಿಂಬಲ್ ಎಂಬ ಕಂಚಿನ ತಟ್ಟೆಗಳು ಘನ. ಸ್ವಿಂಗ್ ಎಂಬ ತೂಗುನಡೆಯಲ್ಲಿ ಲಯವನ್ನು ಹೊತ್ತು ನಡೆಸತಕ್ಕದ್ದು ಮುಖ್ಯವಾಗಿ ಕಂಚು. ಬಲಗೈಯು ದೊಡ್ಡ ಸಿಂಬಲಿನ ಮೇಲೆ ನಡೆಯನ್ನು ಎಳೆಯುತ್ತದೆ. ಎಡಗಾಲು ಹೈಹ್ಯಾಟ್ ಎಂಬ ಜೋಡಿ ತಟ್ಟೆಗಳನ್ನು ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ ಮುಚ್ಚುತ್ತದೆ. ಬಲಗಾಲು ಬಾಸ್ ಡ್ರಮ್ಮನ್ನು ಕೇಳಿಯೂ ಕೇಳದಂತೆ ಮೆಲ್ಲಗೆ ಮುಟ್ಟುತ್ತದೆ. ಸಭಿಕರ ಕಣ್ಣನ್ನು ಸೆಳೆಯುವ ಡ್ರಮ್ಮುಗಳು ಬಹುಪಾಲು ಹೊತ್ತು ಮೌನವಾಗಿರುತ್ತವೆ.

ಬೆಲ್ಸನ್ನನ ಎರಡನೆಯ ಬಾಸ್ ಡ್ರಮ್ಮಿನ ಮರ್ಮವು ಇಲ್ಲಿ ತಿಳಿಯುತ್ತದೆ. ಎಡಗಾಲು ಹೈಹ್ಯಾಟನ್ನು ಬಿಟ್ಟು ಸರಿದಾಗ ಮಾತ್ರ ಆ ಎರಡನೆಯ ಡ್ರಮ್ಮು ನುಡಿಯಬಲ್ಲುದು. ಹಾಗೆ ಸರಿದರೆ ಮೇಳವು ನೆಚ್ಚಿಕೊಂಡಿದ್ದ ಎರಡು ನಾಲ್ಕರ ಗುರುತು ತಪ್ಪುತ್ತದೆ. ಸೇವೆಗೂ ಮೆರವಣಿಗೆಗೂ ನಡುವಿನ ಆಯ್ಕೆಯು ಆತನ ಎಡಗಾಲಿನಲ್ಲಿಯೇ ಇದ್ದಿತೆಂದು ಹೇಳಬಹುದು. ಅತಿಥಿಯ ಯೋಗ್ಯತೆಯನ್ನು ಅಳೆಯುವ ವಿಮರ್ಶಕನ ದೃಷ್ಟಿಯೂ ಅಲ್ಲಿಯೇ ಇರತಕ್ಕದ್ದು.

ವಿದ್ಯಾರ್ಥಿಮೇಳಕ್ಕೆ ಇಂತಹ ಅತಿಥಿಯಿಂದ ಆಗತಕ್ಕ ಲಾಭವೇನು? ಇತರ ವಾದ್ಯಗಳ ಪಾಠವು ಕಾಗದದ ಮೇಲೆ ಸ್ವರಸ್ವರವಾಗಿ ಬರೆದಿರುತ್ತದೆ. ಡ್ರಮ್ಮಿನ ಹಾಳೆಯಲ್ಲಾದರೋ ಬಹುಮಟ್ಟಿಗೆ ಓರೆಗೆರೆಗಳೇ; ಅಲ್ಲಲ್ಲಿ ತುತ್ತೂರಿಗಳು ಒತ್ತಿ ನುಡಿಯುವ ಸ್ಥಾನಗಳ ಸೂಚನೆ ಮಾತ್ರ. ಆ ಒತ್ತು ಬರುವುದಕ್ಕೆ ಅರೆಕ್ಷಣ ಮೊದಲು ಡ್ರಮ್ ವಾದಕನು ಒಂದು ಸಣ್ಣ ಪೂರ್ವರಂಗವನ್ನು ಹಾಕಿಕೊಡಬೇಕು. ಅದು ಸರಿಯಾಗಿ ಬಿದ್ದರೆ ಹದಿಮೂರು ಮಂದಿ ಊದುವವರು ಒಂದೇ ಉಸಿರಿನಲ್ಲಿ ಒಳಗೆ ಬರುತ್ತಾರೆ. ತಡವಾದರೆ ಒಬ್ಬೊಬ್ಬನೂ ತನ್ನ ಪಕ್ಕದವನನ್ನು ನೋಡುತ್ತಾನೆ. ಇದನ್ನು ಬರೆದು ತೋರಿಸುವುದು ದುಸ್ತರ. ಬಲ್ಲವನ ಪಕ್ಕದಲ್ಲಿ ಕುಳಿತು ಮೈಗೂಡಿಸಿಕೊಳ್ಳಬೇಕಾದ ವಿದ್ಯೆ ಇದು. ವರ್ಷವೆಲ್ಲ ತಮ್ಮ ಸಹಪಾಠಿಯ ಲಯದಲ್ಲಿ ಅಭ್ಯಾಸಮಾಡಿದ ಹುಡುಗರು ಒಂದು ಸಂಜೆ ಬೆಲ್ಸನ್ನನಂತಹವನ ಲಯದಲ್ಲಿ ನುಡಿಸಿದರೆ, ತಾವು ಬಲ್ಲೆವೆಂದು ತಿಳಿದಿದ್ದ ಕೃತಿಯೇ ಬೇರೆಯಾಗಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ಬೆಲ್ಸನ್ನನು ಗಿಲ್ ಬ್ರೈನ್ಸನೊಡನೆ ಸೇರಿ ೧೯೬೩ರಲ್ಲಿ ಪ್ರಕಟಿಸಿದ ಲಯವಾಚನದ ಪಠ್ಯಪುಸ್ತಕವನ್ನು ಡ್ರಮ್ಮಿನವರಿಗಷ್ಟೇ ಮೀಸಲಿಡದೆ ಎಲ್ಲ ವಾದ್ಯದವರಿಗೂ ಉದ್ದೇಶಿಸಿದ್ದನೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಲಯವು ಹದಿನೇಳು ಮಂದಿಯ ಸಮಾನವಾದ ಹೊಣೆಯೆಂಬುದು ಆತನ ಮತವೆಂದು ಇದರಿಂದ ಊಹಿಸಬಹುದು.

ಈ ಲಾಭಕ್ಕೆ ಒಂದು ಬೆಲೆಯೂ ಉಂಟು. ಅತಿಥಿಯು ಕುಳಿತುಕೊಳ್ಳಬೇಕಾದರೆ ಆ ಪೀಠದಿಂದ ಒಬ್ಬ ವಿದ್ಯಾರ್ಥಿಯು ಏಳಬೇಕು. ಟ್ರಂಪೆಟ್ ವಾದಕನು ಅತಿಥಿಯಾಗಿ ಬಂದರೆ ಮೇಳದವರ ಪೈಕಿ ಯಾರೂ ಏಳಬೇಕಾಗಿಲ್ಲ. ಮೇಳದಲ್ಲಿ ಡ್ರಮ್ ವಾದಕನ ಸ್ಥಾನವು ಒಂದೇ. ವರ್ಷದ ದೊಡ್ಡ ಸಭೆಯಲ್ಲಿ, ತಂದೆತಾಯಿಗಳೂ ಬಂಧುಗಳೂ ಬಂದು ಕುಳಿತಿರುವಾಗ, ಆ ಹುಡುಗನು ಬದಿಯಲ್ಲಿ ನಿಂತಿರುತ್ತಾನೆ. ಆತನು ನಿಂತು ಕಲಿತನೋ ನಿಂತು ಕುಗ್ಗಿದನೋ ಎಂಬುದು ಅತಿಥಿಯ ವಾದನಕ್ರಮವನ್ನು ಅವಲಂಬಿಸಿದೆ. ಪಕ್ಕದಲ್ಲಿ ನಿಂತವನಿಗೆ ನಾಳೆ ತಾನೂ ಮಾಡಬಹುದಾದದ್ದು ಕಂಡರೆ ಆ ಸಂಜೆ ಪಾಠವಾಗುತ್ತದೆ. ಎಂದಿಗೂ ಮಾಡಲಾಗದ್ದೊಂದೇ ಕಂಡರೆ ಅದು ಇಂದ್ರಜಾಲವಾಗಿ ಮುಗಿಯುತ್ತದೆ.

ಬೆಲ್ಸನ್ನನು ರಚಿಸಿ ಎಲಿಂಗ್ಟನ್ನನ ಮೇಳವು ನುಡಿಸಿದ ಎರಡು ಕೃತಿಗಳನ್ನು ಹೋಲಿಸಿದರೆ ಈ ಭೇದವು ಸ್ಪಷ್ಟವಾಗುತ್ತದೆ. ‘ದಿ ಹಾಕ್ ಟಾಕ್ಸ್’ ಎಂಬುದು ಒಂದು. ‘ಸ್ಕಿನ್ ಡೀಪ್’ ಎಂಬುದು ಮತ್ತೊಂದು. ಮೊದಲನೆಯದು ಮೇಳದ ಕೃತಿ. ಅದರಲ್ಲಿ ಡ್ರಮ್ ವಾದಕನು ಕರ್ತೃವೇ ಆಗಿದ್ದರೂ ಪರಿವಾರದೊಳಗೆ ಒಬ್ಬನಾಗಿ ನಡೆಯುತ್ತಾನೆ. ಎರಡನೆಯದು ‘ಎಲಿಂಗ್ಟನ್ ಅಪ್‌ಟೌನ್’ ಎಂಬ ಧ್ವನಿಮುದ್ರಿಕೆಯಲ್ಲಿ ಸುಮಾರು ಏಳು ನಿಮಿಷಗಳಷ್ಟು ಬೆಳೆದು ಜಗತ್ಪ್ರಸಿದ್ಧವಾಯಿತು. ಅದರ ಪ್ರಾಣವಿರುವುದು ಡ್ರಮ್ಮಿನ ದೀರ್ಘವಾದ ಏಕಾಂಗವಾದನದಲ್ಲಿ. ಎರಡು ಕಾಲುಗಳೂ ಎರಡು ಕೈಗಳೂ ನಾಲ್ವರು ವಾದಕರಂತೆ ಸಂಭಾಷಿಸುವ ಆ ಭಾಗವನ್ನು ಕೇಳಿ ಬೆರಗಾಗದವನು ಅರಸಿಕನೇ ಸರಿ. ಅಭ್ಯಾಸದ ನಿಷ್ಠೆಯೂ ಸ್ವರಗಳ ಸ್ವಚ್ಛತೆಯೂ ಅದರಲ್ಲಿ ಸಂಪೂರ್ಣವಾಗಿವೆ.

ಆದರೆ ಔಚಿತ್ಯದ ಮಾತು ಬೇರೆ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಕಾವ್ಯದ ಪರೀಕ್ಷೆಗೆ ಹಿಡಿದ ಈ ಒರೆಗಲ್ಲು ವಾದ್ಯಸಂಗೀತಕ್ಕೂ ಸಲ್ಲುತ್ತದೆ. ಒಂದು ಗುಣವು ತನ್ನಷ್ಟಕ್ಕೆ ಉತ್ತಮವಾಗಿದ್ದರೆ ಸಾಲದು. ಇರುವ ಎಡೆಗೆ ಅದು ಒಪ್ಪಬೇಕು. ಎಲಿಂಗ್ಟನ್ನನ ಮೇಳದವರು ವೃತ್ತಿನಿರತರು. ಅವರಲ್ಲೊಬ್ಬನು ಕೆಲವು ನಿಮಿಷ ಮೆರೆದರೆ ಉಳಿದವರಿಗೆ ನಷ್ಟವಿಲ್ಲ. ಅವರ ಸರದಿಯೂ ಬರುತ್ತದೆ. ವಿದ್ಯಾರ್ಥಿಮೇಳವು ಕಲಿಯುವುದಕ್ಕೆ ಕೂಡಿದ್ದು. ಅಲ್ಲಿ ಅತಿಥಿಯು ದೀರ್ಘವಾಗಿ ಒಬ್ಬನೇ ನುಡಿಸುವಾಗ ಹದಿನಾರು ಮಂದಿ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತಾರೆ. ಮೃದಂಗದ ತನಿ ಆವರ್ತನದಲ್ಲಿ ತಾಳವು ನಿಲ್ಲುವುದಿಲ್ಲ. ಗಾಯಕನೂ ಸಭಿಕರೂ ಕೈಯಲ್ಲಿ ತಾಳಹಾಕುತ್ತ ಕಾದಿರುತ್ತಾರೆ. ಮುಕ್ತಾಯವು ಎಡುಪಿಗೆ ಬಂದು ಸೇರುವಾಗ ಎಲ್ಲರೂ ಒಟ್ಟಿಗೆ ದಡ ಮುಟ್ಟುತ್ತಾರೆ. ಡ್ರಮ್ಮಿನ ಏಕಾಂಗವಾದನವು ಆವರ್ತಗಳ ಗೊತ್ತಾದ ಎಣಿಕೆಗೆ ಕಟ್ಟುಬೀಳದೆ ಹರಿದಾಗ ಮೇಳದವರಿಗೆ ಉಳಿಯುವ ಕೆಲಸವು ಮುಖಂಡನ ಕೈಸನ್ನೆಗಾಗಿ ಕಾಯುವುದೊಂದೇ.

ಇದಕ್ಕೆ ಪರಿಹಾರವು ಜಾಝ್ ಸಂಪ್ರದಾಯದಲ್ಲಿಯೇ ಇದೆ. ವಾದಕನೊಬ್ಬನು ನಾಲ್ಕು ಆವರ್ತ ನುಡಿಸಿದರೆ ಡ್ರಮ್ಮಿನವನು ನಾಲ್ಕು ಆವರ್ತ ಉತ್ತರಕೊಡುವ ಕ್ರಮವೊಂದುಂಟು. ಅದರಲ್ಲಿ ಹನ್ನೆರಡೋ ಮೂವತ್ತೆರಡೋ ಆವರ್ತಗಳ ಕಟ್ಟು ಕೆಡುವುದಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನಸ್ಸಿನಲ್ಲಿ ಎಣಿಸುತ್ತ ಎಚ್ಚರವಾಗಿರಬೇಕು. ಗುರುವು ಪ್ರಶ್ನೆ ಹಾಕಿ ಶಿಷ್ಯನು ಉತ್ತರಿಸುವ ವಾಕ್ಯಾರ್ಥದಂತೆ ಅದು ಸಾಗುತ್ತದೆ. ಅತಿಥಿಯ ಕೌಶಲವೂ ಪ್ರಕಟವಾಗುತ್ತದೆ. ಹುಡುಗನಿಗೆ ಆ ಕೈಯೊಡನೆ ಸರಿಸಮನಾಗಿ ನಾಲ್ಕು ಆವರ್ತ ನಿಂತೆನೆಂಬ ಧೈರ್ಯವೂ ಬರುತ್ತದೆ.

ಸಭಿಕರು ಬರುವುದೇ ಏಕಾಂಗವಾದನವನ್ನು ಕೇಳಲು, ಅದಿಲ್ಲದೆ ಸಭಾಂಗಣ ತುಂಬುವುದೆಂತು, ಎಂದು ಕೆಲವರು ಆಕ್ಷೇಪಿಸಬಹುದು. ಆ ಬೆರಗನ್ನು ಕಂಡೇ ಅನೇಕ ಬಾಲಕರು ಮೊದಲ ಸಲ ಡ್ರಮ್ಮಿನ ಕೋಲು ಹಿಡಿದಿದ್ದಾರೆಂಬುದೂ ಸುಳ್ಳಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದುದರಿಂದ ‘ಸ್ಕಿನ್ ಡೀಪ್’ನಂತಹ ಕೃತಿಯನ್ನು ಬಹಿಷ್ಕರಿಸಬೇಕೆಂದು ಹೇಳುವುದು ಅತಿಯಾದೀತು. ಸಂಜೆಯ ಒಟ್ಟು ಭಾರವು ಅದರ ಮೇಲೆಯೇ ಬೀಳಬಾರದು, ಅಷ್ಟೆ.

ಈ ವಿಷಯದಲ್ಲಿ ಇಷ್ಟು ನಿಷ್ಠುರವೇಕೆಂದರೆ, ಒಂದು ಸಂಜೆಯ ರಂಜನೆಗಿಂತ ಹೆಚ್ಚಿನದು ಇಲ್ಲಿ ಪಣಕ್ಕಿದೆ. ಜಾಝ್ ಸಂಗೀತವು ಆಫ್ರಿಕಾ ಮೂಲದ ಅಮೆರಿಕನ್ನರ ಸೃಷ್ಟಿ. ಅದು ಬೆಳೆದದ್ದು ನೃತ್ಯಶಾಲೆಗಳಲ್ಲಿ, ಬೀದಿಗಳಲ್ಲಿ, ಬಡವರ ಕೇರಿಗಳಲ್ಲಿ. ೧೯೪೭ರಲ್ಲಿ ಟೆಕ್ಸಾಸಿನ ಡೆಂಟನ್ ಪಟ್ಟಣದ ನಾರ್ತ್ ಟೆಕ್ಸಾಸ್ ಕಾಲೇಜು ಇದಕ್ಕೆ ಪದವಿವ್ಯಾಸಂಗದಲ್ಲಿ ಮೊದಲು ಸ್ಥಾನ ಕೊಟ್ಟಿತು. ಆಗ ಜಾಝ್ ಎಂಬ ಹೆಸರನ್ನು ಬಿಟ್ಟು, ನೃತ್ಯಮೇಳದ ಶಿಕ್ಷಣವೆಂದೇ ಅದನ್ನು ಕರೆದರು. ಆ ಸಂಗೀತವನ್ನು ಸೃಷ್ಟಿಸಿದ ಜನರ ಮಕ್ಕಳಿಗೆ ೧೯೫೦ರ ದಶಕದ ನಡುವಿನ ವರೆಗೆ ಅದೇ ಕಾಲೇಜಿನಲ್ಲಿ ಪ್ರವೇಶವಿರಲಿಲ್ಲ. ವಿದ್ಯೆಯು ಒಳಗೆ ಬಂದಿತು. ವಿದ್ಯೆಯ ಒಡೆಯರು ಹೊರಗೆ ಉಳಿದರು.

ಅದೇ ಕಾಲದಲ್ಲಿ ಬೆಲ್ಸನ್ನನು ನಡೆದ ದಾರಿಯು ಇದಕ್ಕೆ ಎದುರಾದದ್ದು. ೧೯೫೧ರಲ್ಲಿ, ಬಿಳಿಯರೂ ಕಪ್ಪುಜನರೂ ಒಂದೇ ಹೋಟೆಲಿನಲ್ಲಿ ಇಳಿದುಕೊಳ್ಳಲು ದಕ್ಷಿಣದ ಸಂಸ್ಥಾನಗಳಲ್ಲಿ ಅವಕಾಶವಿಲ್ಲದಿದ್ದಾಗ, ಈ ಬಿಳಿಯ ತರುಣನು ಕಪ್ಪುಜನರ ಮೇಳದ ಹಿಂಬದಿಯಲ್ಲಿ ಕುಳಿತು ಅವರ ಲಯಕ್ಕೆ ಕಾವಲಾದನು. ಅವರೊಡನೆ ಪಯಣಿಸಿ, ಅವರಿಂದ ಕೇಳಿ ಕಲಿತನು. ಗ್ರಂಥಸ್ಥವಾಗದ ಆ ಗುರುಪರಂಪರೆಯನ್ನು ವಿಶ್ವವಿದ್ಯಾನಿಲಯದ ಬಾಗಿಲೊಳಕ್ಕೆ ತರಬಲ್ಲವರು ಇಂತಹ ಅತಿಥಿಗಳು. ಅವರು ಬಂದು ಬರಿಯ ಬೆರಗನ್ನು ಬಿಟ್ಟುಹೋದರೆ ವಿದ್ಯಾರ್ಥಿಗಳ ಪಾಲಿಗೆ ಉಳಿಯುವುದು ಕಾಗದದ ಮೇಲಿನ ಓರೆಗೆರೆಗಳೇ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಧ್ವನಿಮುದ್ರಿಕೆಯಲ್ಲಿ ‘ಸ್ಕಿನ್ ಡೀಪ್’ ಕೇಳುವಾಗ ಏಕಾಂಗವಾದನದ ಭಾಗವನ್ನು ಒಮ್ಮೆ ಬದಿಗಿಟ್ಟು, ಅದಕ್ಕೆ ಮುಂಚೆ ಮೇಳವು ನುಡಿಯುವ ಭಾಗಕ್ಕೆ ಕಿವಿಗೊಟ್ಟು, ಕಂಚಿನ ತಟ್ಟೆಯ ನಡೆಯನ್ನು ಮಾತ್ರ ಹಿಂಬಾಲಿಸಿ ನೋಡಲಿ. ಊದುವವರ ಪ್ರತಿಯೊಂದು ಒತ್ತಿಗೂ ಮುಂಚಿತವಾಗಿ ಬಾಗಿಲು ತೆರೆದಿರುವುದು ಕೇಳಿಸುತ್ತದೆ. ಬೆಲ್ಸನ್ನನ ಹಿರಿಮೆಯು ಅಲ್ಲಿದೆ. ಅತಿಥಿಯು ಹೊರಟುಹೋದ ಮಾರನೆಯ ದಿನ ಮೊದಲಿನ ಹುಡುಗನು ತನ್ನ ಪೀಠಕ್ಕೆ ಮರಳಿ ಕುಳಿತಾಗ ಮೇಳವು ನಿನ್ನೆಗಿಂತ ಒಂದಿಷ್ಟು ಸಲೀಸಾಗಿ ನಡೆದರೆ, ಆ ಆತಿಥ್ಯವು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.