ಆಳ್ವಿಕೆ ಬದಲಾದದ್ದು ಬೇಗ, ನಂಬಿಕೆ ಬದಲಾದದ್ದು ನಿಧಾನ

ಅಮೆರಿಕದ ಇತಿಹಾಸಕಾರ ರಿಚರ್ಡ್ ಬುಲಿಯಟ್ ಮಧ್ಯಯುಗದಲ್ಲಿ ಇಸ್ಲಾಮಿಗೆ ಆದ ಮತಾಂತರವನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕವನ್ನು ಹಾರ್ವರ್ಡ್ ವಿಶ್ವವಿದ್ಯಾಲಯ 1979ರಲ್ಲಿ ಪ್ರಕಟಿಸಿತು. ಗಾತ್ರದಲ್ಲಿ ಚಿಕ್ಕದು, ಅಂಕಿಸಂಖ್ಯೆ ಮತ್ತು ರೇಖಾಚಿತ್ರಗಳೇ ಹೆಚ್ಚು. ಹಾಗಾಗಿ ಸಾಮಾನ್ಯ ಓದುಗರ ಕೈಗೆ ಸುಲಭವಾಗಿ ಸಿಕ್ಕುವಂಥದ್ದಲ್ಲ. ಆದರೂ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಇತಿಹಾಸದ ಬಗ್ಗೆ ಬೇರೂರಿದ್ದ ಒಂದು ಊಹೆಯನ್ನು ಈ ಪುಸ್ತಕದಷ್ಟು ಬಲವಾಗಿ ಅಲುಗಾಡಿಸಿದ ಬರಹಗಳು ಕಡಿಮೆ. ಅರಬ್ ಸೇನೆ ಗೆದ್ದ ನಾಡುಗಳು ಗೆದ್ದ ಕೂಡಲೇ, ಹೆಚ್ಚೆಂದರೆ ಒಂದೆರಡು ತಲೆಮಾರಿನೊಳಗೆ, ಮುಸ್ಲಿಂ ನಾಡುಗಳಾದವು ಎಂಬುದೇ ಆ ಊಹೆ.

ಇಸವಿಗಳನ್ನು ನೋಡಿದರೆ ಹಾಗೆ ಅನಿಸುವುದು ಸಹಜ. ಪ್ರವಾದಿ ಮುಹಮ್ಮದರು ತೀರಿಕೊಂಡದ್ದು 632ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಡಮಾಸ್ಕಸ್, ಜೆರುಸಲೇಮ್, ಅಲೆಕ್ಸಾಂಡ್ರಿಯ ಮೂರೂ ಬೈಜಾಂಟಿಯಂ ಸಾಮ್ರಾಜ್ಯದ ಕೈತಪ್ಪಿದವು. ಇರಾನನ್ನು ಆಳುತ್ತಿದ್ದ ಸಾಸಾನಿ ವಂಶದ ಕೊನೆಯ ದೊರೆ ಮೂರನೇ ಯಜ್ದಗಿರ್ದ್ 651ರಲ್ಲಿ ಕೊಲೆಯಾದ. 711ರಲ್ಲಿ ಸೇನೆ ಸ್ಪೇನನ್ನು ಹೊಕ್ಕಿತು. ಇಷ್ಟು ವೇಗದ ವಿಜಯವನ್ನು ವಿವರಿಸಲು ಎರಡು ಬಗೆಯ ಕಥೆಗಳು ಚಾಲ್ತಿಗೆ ಬಂದವು. ಒಂದರ ಪ್ರಕಾರ ಜನ ಕತ್ತಿಗೆ ಹೆದರಿ ಮತ ಬದಲಿಸಿದರು. ಇನ್ನೊಂದರ ಪ್ರಕಾರ ಹೊಸ ಧರ್ಮದ ಸಮಾನತೆಗೆ ಮನಸೋತು ಸಾಲುಸಾಲಾಗಿ ಬಂದು ಸೇರಿದರು. ನಿಂದಕರಿಗೆ ಮೊದಲನೆಯದು ಪ್ರಿಯ, ಸಮರ್ಥಕರಿಗೆ ಎರಡನೆಯದು. ಎರಡೂ ಪಕ್ಷದವರು ಒಂದು ವಿಷಯವನ್ನು ಮಾತ್ರ ಪರೀಕ್ಷಿಸದೆ ಒಪ್ಪಿಕೊಂಡಿದ್ದರು, ಅದು ಮತಾಂತರದ ವೇಗ. ಯಾಕೆ ಮತಾಂತರಗೊಂಡರು ಎಂಬ ಜಗಳವನ್ನು ಬದಿಗಿಟ್ಟು, ಯಾವಾಗ ಮತಾಂತರಗೊಂಡರು ಎಂದು ಕೇಳಿದ್ದು ಬುಲಿಯಟ್ ಅವರ ದೊಡ್ಡ ಕೊಡುಗೆ.

ಜನಗಣತಿಯೇ ಇಲ್ಲದ ಕಾಲಕ್ಕೆ ಈ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಹೇಗೆ? ಅವರು ಹಿಡಿದ ದಾರಿ ಹೆಸರುಗಳದು. ಬಾಗ್ದಾದ್, ನಿಶಾಪುರ, ಇಸ್ಫಹಾನದಂಥ ಪಟ್ಟಣಗಳಲ್ಲಿ ಬಾಳಿದ ವಿದ್ವಾಂಸರ ಚರಿತ್ರಕೋಶಗಳನ್ನು ಬರೆದಿಡುವ ಸಂಪ್ರದಾಯ ಮಧ್ಯಯುಗದ ಮುಸ್ಲಿಂ ಸಮಾಜದಲ್ಲಿತ್ತು. ಪ್ರತಿಯೊಬ್ಬ ವಿದ್ವಾಂಸನ ಹೆಸರಿನ ಜೊತೆ ತಂದೆ, ಅಜ್ಜ, ಮುತ್ತಜ್ಜ ಹೀಗೆ ವಂಶಾವಳಿ ದಾಖಲಾಗುತ್ತಿತ್ತು. ಇರಾನಿನ ವಂಶಾವಳಿಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಮುಹಮ್ಮದ್, ಅವನ ತಂದೆ ಅಹ್ಮದ್, ಅವನ ತಂದೆ ಇಬ್ರಾಹೀಂ, ಅವನ ತಂದೆ ರುಸ್ತುಂ ಎಂಬಂಥ ಸಾಲಿನಲ್ಲಿ ರುಸ್ತುಂ ಪಾರಸೀಕ ಹೆಸರು, ಅದರ ಮುಂದಿನವು ಮುಸ್ಲಿಂ ಹೆಸರುಗಳು. ಕುಟುಂಬ ಮತ ಬದಲಿಸಿದ್ದು ಆ ಸಂಧಿಯಲ್ಲಿ. ವಿದ್ವಾಂಸ ಸತ್ತ ವರ್ಷ ಗೊತ್ತಿರುವುದರಿಂದ, ತಲೆಮಾರಿಗೆ ಇಷ್ಟು ವರ್ಷ ಎಂದು ಹಿಂದಕ್ಕೆ ಎಣಿಸಿದರೆ ಮತಾಂತರದ ಕಾಲ ಅಂದಾಜಾಗುತ್ತದೆ. ಇಂಥ ನೂರಾರು ವಂಶಾವಳಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದಾಗ ಮೊದಲು ನಿಧಾನವಾಗಿ ಏರಿ, ನಡುವೆ ಕಡಿದಾಗಿ, ಕೊನೆಗೆ ಮತ್ತೆ ಮಂದವಾಗುವ ರೇಖೆಯೊಂದು ಮೂಡಿತು.

ಈ ರೇಖೆ ಹೇಳುವ ಕಾಲಮಾನ ಬೆರಗುಗೊಳಿಸುತ್ತದೆ. ಉಮಯ್ಯಾ ಖಲೀಫರ ವಂಶ ಅಳಿದ 750ರ ಹೊತ್ತಿಗೂ, ಅಂದರೆ ಸಾಸಾನಿ ರಾಜ್ಯ ಉರುಳಿ ಒಂದು ಶತಮಾನ ಕಳೆದ ಮೇಲೂ, ಇರಾನಿನಲ್ಲಿ ಮುಂದೆ ಮುಸ್ಲಿಮರಾಗಲಿದ್ದ ಕುಟುಂಬಗಳಲ್ಲಿ ಹತ್ತರಲ್ಲಿ ಒಂದೂ ಆಗಿರಲಿಲ್ಲ. ಅರ್ಧ ದಾರಿ ಮುಗಿದದ್ದು ಒಂಬತ್ತನೇ ಶತಮಾನದ ಮೊದಲ ಭಾಗದಲ್ಲಿ. ಇರಾಕ್, ಸಿರಿಯ, ಈಜಿಪ್ಟ್‌ಗಳಲ್ಲಿ ಅದು ಇನ್ನೂ ತಡ, ಸ್ಪೇನಿನಲ್ಲಿ ಹತ್ತನೇ ಶತಮಾನದ ಮಧ್ಯಭಾಗ. ಈ ಕಾಲಮಾನದಿಂದ ಬುಲಿಯಟ್ ರಾಜಕೀಯ ಇತಿಹಾಸವನ್ನೂ ಮರುಓದಿದರು. ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದಷ್ಟು ಕಾಲ ಒಂದೇ ಖಿಲಾಫತ್ತಿನ ನೆರಳು ಅವರಿಗೆ ಬೇಕಿತ್ತು. ಖಲೀಫರ ವಿರುದ್ಧ ಬಾಬಕನೆಂಬ ಬಂಡಾಯಗಾರ ಎಬ್ಬಿಸಿದ್ದ ದಂಗೆ 837ರ ಸುಮಾರಿಗೆ ಅಡಗಿದ ಮೇಲೆ ಇರಾನಿನಲ್ಲಿ ಇಸ್ಲಾಮನ್ನೇ ಕಿತ್ತೊಗೆಯುವ ಭಯ ಉಳಿಯಲಿಲ್ಲ. ಆಗ ಸಫ್ಫಾರಿ, ಸಾಮಾನಿಯಂಥ ಪ್ರಾಂತೀಯ ರಾಜವಂಶಗಳು ಬಾಗ್ದಾದಿನ ಹಿಡಿತದಿಂದ ಜಾರಿಕೊಂಡವು. ಖಿಲಾಫತ್ತು ಒಡೆದದ್ದು ಇಸ್ಲಾಮಿನ ಸೋಲಿನಿಂದಲ್ಲ, ಅದು ಜನರ ನಡುವೆ ಭದ್ರವಾದದ್ದರಿಂದ ಎಂಬ ಈ ವಾದ ಪುಸ್ತಕದ ಅತ್ಯಂತ ಹೊಳಪಿನ ಭಾಗ. ಕೇಂದ್ರ ಖಜಾನೆಯ ದಿವಾಳಿ, ತುರ್ಕಿ ಸೈನಿಕರ ದರ್ಪದಂಥ ಬೇರೆ ಕಾರಣಗಳಿಗೆ ಅಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು.

ಬುಲಿಯಟ್ ಹೆಸರುಗಳಿಂದ ಪಡೆದ ಈ ನಿಧಾನಗತಿಗೆ ಬೇರೆ ದಾಖಲೆಗಳೂ ಒತ್ತಾಸೆಯಾಗಿ ನಿಲ್ಲುತ್ತವೆ. ಪೂರ್ವ ಸಿರಿಯನ್ ಧರ್ಮಸಭೆಯ ಮುಖ್ಯಸ್ಥ ಮೂರನೇ ಈಶೋಯಾಬ್ (ಸಾವು 659) ಬರೆದ ಪತ್ರವೊಂದು ಉಳಿದುಬಂದಿದೆ. ಹೊಸ ಅರಬ್ ಒಡೆಯರು ಕ್ರೈಸ್ತ ಗುರುಗಳನ್ನೂ ಮಠಗಳನ್ನೂ ಗೌರವಿಸುತ್ತಾರೆಂದು ಆತ ಅದರಲ್ಲಿ ಹೇಳುತ್ತಾನೆ. ಅದೇ ಪತ್ರದಲ್ಲಿ, ಯಾರ ಬಲವಂತವೂ ಇಲ್ಲದೆ, ಆಸ್ತಿಯ ಒಂದು ಪಾಲನ್ನು ಉಳಿಸಿಕೊಳ್ಳಲು ಒಮಾನ್ ಸೀಮೆಯ ಕ್ರೈಸ್ತರು ನಂಬಿಕೆಯನ್ನೇ ಬಿಟ್ಟರೆಂದು ಸಂಕಟಪಡುತ್ತಾನೆ. ಕತ್ತಿಯ ಕಥೆಗೂ ಭಕ್ತಿಯ ಕಥೆಗೂ ಹೊಂದದ ಈ ಸಾಕ್ಷ್ಯ ಬಂದಿರುವುದು ಸಮಕಾಲೀನ ಕ್ರೈಸ್ತನೊಬ್ಬನಿಂದಲೇ. ಒಂದೂಕಾಲು ಶತಮಾನದ ನಂತರ ಅದೇ ಪೀಠದಲ್ಲಿ ಕುಳಿತ ಮೊದಲನೇ ತಿಮೋತಿ ಬಾಗ್ದಾದಿನಲ್ಲಿದ್ದುಕೊಂಡು ಮಧ್ಯ ಏಷ್ಯಾದ ತುರ್ಕರಿಂದ ಭಾರತದವರೆಗೆ ಹರಡಿದ್ದ ಕ್ರೈಸ್ತರನ್ನು ನೋಡಿಕೊಳ್ಳುತ್ತಿದ್ದ. ಖಲೀಫ ಅಲ್-ಮಹದಿಯೊಂದಿಗೆ ಎರಡು ದಿನ ಧರ್ಮಚರ್ಚೆ ನಡೆಸಿದ. ಅರಿಸ್ಟಾಟಲನ ತರ್ಕಗ್ರಂಥವೊಂದನ್ನು ಖಲೀಫನಿಗಾಗಿ ಅರಬ್ಬಿಗೆ ತರಿಸಿಕೊಟ್ಟ. ಗ್ರೀಕ್ ವೈದ್ಯಶಾಸ್ತ್ರವನ್ನು ಅನುವಾದಿಸಿದ ಹುನೈನ್ ಇಬ್ನ್ ಇಸ್ಹಾಕ್ ಕೂಡ ಕ್ರೈಸ್ತನೇ. ಇವರನ್ನು ಮುಸ್ಲಿಂ ನಾಡಿನ ಅಲ್ಪಸಂಖ್ಯಾತರೆಂದು ಬಣ್ಣಿಸುವುದು ರೂಢಿ. ಆ ಕಾಲದ ಬಹುಪಾಲು ಊರುಗಳಲ್ಲಿ ಅಲ್ಪಸಂಖ್ಯಾತರಾಗಿದ್ದದ್ದು ಆಳುವವರು. ಕ್ರೈಸ್ತ ಧರ್ಮವೆಂದರೆ ಯೂರೋಪಿನದು ಎಂಬ ಇನ್ನೊಂದು ಊಹೆಯೂ ಇಲ್ಲಿ ಬಿದ್ದುಹೋಗುತ್ತದೆ.

ಆಳುವವರಿಗಾದರೂ ಎಲ್ಲರನ್ನೂ ಮತಾಂತರಿಸುವ ತವಕವಿತ್ತೆ? ತೆರಿಗೆಯ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಮುಸ್ಲಿಮೇತರರು ಕೊಡುತ್ತಿದ್ದ ತಲೆಗಂದಾಯ, ಅಂದರೆ ಜಿಝಿಯಾ, ಖಜಾನೆಯ ದೊಡ್ಡ ಆದಾಯ. ಖುರಾಸಾನಿನ ರಾಜ್ಯಪಾಲ ಅಶ್ರಸ್ 728ರ ಸುಮಾರಿಗೆ, ಮತಾಂತರವಾದವರಿಗೆ ಕಂದಾಯ ಮಾಫಿ ಎಂದು ಸಾರಿದ. ಜನ ಬಂದು ಸೇರಿದರು, ಆದಾಯ ಕುಸಿಯಿತು, ಅವನು ಮಾತು ಹಿಂತೆಗೆದುಕೊಂಡ, ಪ್ರಾಂತ ದಂಗೆ ಎದ್ದಿತು. ಅದಕ್ಕೂ ಮುಂಚೆ ಇರಾಕಿನಲ್ಲಿ ರಾಜ್ಯಪಾಲ ಅಲ್-ಹಜ್ಜಾಜ್, ಮುಸ್ಲಿಮರಾಗಿ ಪಟ್ಟಣ ಸೇರಿದ ರೈತರನ್ನು ಮರಳಿ ಹಳ್ಳಿಗೆ ಅಟ್ಟಿದ್ದ.

ಇಷ್ಟು ಒಪ್ಪಿದ ಮೇಲೂ ಬುಲಿಯಟ್ ಅವರ ರೇಖೆಯನ್ನು ಜನಗಣತಿಯಂತೆ ಓದುವುದು ದೊಡ್ಡ ತಪ್ಪು, ಆ ತಪ್ಪು ಈಗಲೂ ಆಗುತ್ತಲೇ ಇದೆ. ರೇಖೆಯ ನೂರು ಪ್ರತಿಶತ ಎಂದರೆ ನಾಡಿನ ಒಟ್ಟು ಜನಸಂಖ್ಯೆ ಅಲ್ಲ; ಕೊನೆಗೆ ಮತಾಂತರವಾದವರ ಒಟ್ಟು ಮೊತ್ತ. ಕ್ರೈಸ್ತರಾಗಿಯೇ ಉಳಿದವರು ಆ ಲೆಕ್ಕದ ಹೊರಗೆ. ಲೇಖಕರು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೂ ಇಂಥ ವರ್ಷ ಈಜಿಪ್ಟಿನ ಅರ್ಧ ಜನ ಮುಸ್ಲಿಮರಾಗಿದ್ದರು ಎಂಬಂಥ ವಾಕ್ಯಗಳು ಪುಸ್ತಕದ ಹೆಸರಿನಲ್ಲಿ ಓಡಾಡುತ್ತವೆ. ಎರಡನೆಯದಾಗಿ, ಚರಿತ್ರಕೋಶಗಳಲ್ಲಿ ಇರುವವರು ಪಟ್ಟಣದ ಗಂಡಸರು, ಓದಿದವರು, ಅನುಕೂಲಸ್ಥ ಮನೆತನದವರು. ಹಳ್ಳಿಯ ಒಕ್ಕಲಿಗ, ಗುಲಾಮ, ಹೆಣ್ಣು ಇವರ ಮತಾಂತರ ಅದೇ ಲಯದಲ್ಲಿ ನಡೆಯಿತೆಂದು ನಂಬಲು ಕಾರಣವಿಲ್ಲ. ಹಳ್ಳಿಗಳಲ್ಲಿ ಬಹುಶಃ ಇನ್ನೂ ತಡವಾಗಿ ನಡೆಯಿತು. ಹನ್ನೆರಡನೇ ಶತಮಾನದ ಪ್ಯಾಲೆಸ್ಟೈನ್ ಬಗ್ಗೆ ಇತಿಹಾಸಕಾರ ರೋನಿ ಎಲೆನ್‌ಬ್ಲುಮ್ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಶಿಲುಬೆ ಯುದ್ಧಕ್ಕೆ ಬಂದು ನೆಲೆಸಿದವರು ಸ್ಥಳೀಯ ಕ್ರೈಸ್ತ ಹಳ್ಳಿಗಳ ನಡುವೆಯೇ ಬದುಕಿದ್ದರೆಂದು ತೋರಿಸಿತು. ಅರಬ್ ವಿಜಯವಾಗಿ ಆಗ ನಾಲ್ಕೂವರೆ ಶತಮಾನ ಕಳೆದಿತ್ತು.

ಇರಾನಿನಾಚೆಗೆ ವಿಧಾನವೂ ಸಡಿಲವಾಗುತ್ತದೆ. ಪಾರಸೀಕ ಹೆಸರಿನಿಂದ ಮುಸ್ಲಿಂ ಹೆಸರಿಗೆ ದಾಟಿದ ಸಂಧಿ ಅಲ್ಲಿನ ವಂಶಾವಳಿಗಳಲ್ಲಿ ಅಷ್ಟು ನಿಚ್ಚಳವಾಗಿ ಸಿಗುವುದಿಲ್ಲ. ಅಲ್ಲಿ ಬುಲಿಯಟ್ ಮುಹಮ್ಮದ್, ಅಹ್ಮದ್, ಅಲಿ, ಹಸನ್, ಹುಸೇನ್ ಎಂಬ ಹೆಸರುಗಳ ಜನಪ್ರಿಯತೆಯ ಏರಿಳಿತವನ್ನು ಅಳತೆಗೋಲಾಗಿಸಿ, ಇರಾನಿನ ರೇಖೆಯೊಂದಿಗೆ ಹೋಲಿಸಿ ಕಾಲ ನಿರ್ಣಯಿಸಿದರು. ಹೆಸರಿಡುವ ರೂಢಿ ಮತಾಂತರವನ್ನಷ್ಟೇ ಅವಲಂಬಿಸಿರುವುದಿಲ್ಲ. ಹಾಗಾಗಿ ಸಿರಿಯ, ಈಜಿಪ್ಟ್, ಸ್ಪೇನ್ ಕುರಿತ ಅಧ್ಯಾಯಗಳು ಸೂಚನೆಗಳೇ ಹೊರತು ಪುರಾವೆಗಳಲ್ಲ.

ಎಲ್ಲಕ್ಕಿಂತ ಗಂಭೀರವಾದ ಕೊರತೆ ರೇಖೆಯ ನಯದಲ್ಲೇ ಇದೆ. ಬುಲಿಯಟ್ ತಮ್ಮ ಮಾದರಿಯನ್ನು ತೆಗೆದುಕೊಂಡದ್ದು ಹೊಸ ಪದ್ಧತಿಗಳು ಜನರ ನಡುವೆ ಹೇಗೆ ಹಬ್ಬುತ್ತವೆ ಎಂಬ ಸಮಾಜಶಾಸ್ತ್ರದಿಂದ. ಅಮೆರಿಕದ ರೈತರು ಹೈಬ್ರಿಡ್ ಮೆಕ್ಕೆಜೋಳದ ಬೀಜವನ್ನು ಒಪ್ಪಿಕೊಂಡ ಬಗೆಯ ಅಧ್ಯಯನಗಳು ಆ ಶಾಸ್ತ್ರದ ಬುಡದಲ್ಲಿವೆ. ಬಿತ್ತನೆಬೀಜ ಹಿಡಿಸದಿದ್ದರೆ ರೈತ ಮುಂದಿನ ಹಂಗಾಮಿಗೆ ಹಳೆಯದಕ್ಕೆ ಮರಳಬಹುದು. ಇಸ್ಲಾಮಿಗೆ ಬಂದವನು ಮರಳಿದರೆ ಮರಣದಂಡನೆಯ ಭೀತಿ ಇತ್ತು. ಮುಸ್ಲಿಂ ಗಂಡಸು ಕ್ರೈಸ್ತ ಹೆಣ್ಣನ್ನು ಮದುವೆಯಾಗಬಹುದಿತ್ತು, ಕ್ರೈಸ್ತ ಗಂಡಸಿಗೆ ಮುಸ್ಲಿಂ ಹೆಣ್ಣನ್ನು ಮದುವೆಯಾಗುವ ಅವಕಾಶವಿರಲಿಲ್ಲ. ಮಕ್ಕಳಿಗೆ ತಂದೆಯ ಧರ್ಮ. ಬಾಗಿಲು ಒಂದೇ ಕಡೆಗೆ ತೆರೆಯುವಂತೆ ಕಾನೂನೇ ನೋಡಿಕೊಂಡಿತ್ತು. ಇತಿಹಾಸಕಾರ ಕ್ರಿಸ್ಟಿಯನ್ ಸಾಹ್ನರ್ 2018ರಲ್ಲಿ ಪ್ರಕಟಿಸಿದ ಕ್ರೈಸ್ತ ಹುತಾತ್ಮರ ಅಧ್ಯಯನದಲ್ಲಿ ಹೀಗೆ ಮರಳಿ ಹೋಗಿ ಪ್ರಾಣ ತೆತ್ತವರ ಕಥೆಗಳು ಹೇರಳವಾಗಿವೆ. ಹಿಂಸೆ ಸಾರ್ವತ್ರಿಕವಾಗಿರಲಿಲ್ಲ, ಆದರೆ ಗಡಿ ಎಲ್ಲಿದೆ ಎಂದು ಎಲ್ಲರಿಗೂ ತಿಳಿಸುವಷ್ಟು ಇತ್ತು.

ಬಲವಂತ ಉಕ್ಕಿದ ಕಾಲಗಳೂ ಉಂಟು. ಫಾತಿಮಿ ಖಲೀಫ ಅಲ್-ಹಾಕಿಮ್ 1009ರಲ್ಲಿ ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಕೆಡವಿಸಿದ. ಅವನ ಕಾಲದಲ್ಲಿ ಒತ್ತಾಯಕ್ಕೆ ಮಣಿದು ಮತ ಬಿಟ್ಟವರಿಗೆ ನಂತರ ಮರಳಲು ಅನುಮತಿ ಸಿಕ್ಕಿತು. ಹನ್ನೆರಡನೇ ಶತಮಾನದ ಸ್ಪೇನಿನಲ್ಲಿ ಅಲ್ಮೊಹದ್ ದೊರೆಗಳು ಯೆಹೂದ್ಯರನ್ನೂ ಕ್ರೈಸ್ತರನ್ನೂ ಮತಾಂತರಕ್ಕೆ ಒತ್ತಾಯಿಸಿದರು. ತತ್ತ್ವಜ್ಞಾನಿ ಮೈಮೊನಿಡೀಸನ ಕುಟುಂಬ ಕೊರ್ಡೊಬಾ ತೊರೆದದ್ದು ಆಗಲೇ. ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರು 1354ರಲ್ಲಿ ಚರ್ಚುಗಳ ದತ್ತಿ ಭೂಮಿಯನ್ನು ಕಿತ್ತುಕೊಂಡಾಗ ಕಾಪ್ಟಿಕ್ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿ ಮತಾಂತರವಾದರು. ವಿಜಯವಾಗಿ ಏಳುನೂರು ವರ್ಷಗಳ ಮೇಲೆ ನಡೆದ ಈ ಘಟನೆಗೆ ಬುಲಿಯಟ್ ಅವರ ರೇಖೆಯಲ್ಲಿ ಜಾಗವಿಲ್ಲ, ಏಕೆಂದರೆ ಅದರ ಪ್ರಕಾರ ಆ ಹೊತ್ತಿಗೆ ಎಲ್ಲ ಮುಗಿದಿತ್ತು. ಬಲವಂತ ಇತ್ತು, ಆದರೆ ಜನಪ್ರಿಯ ಕಥೆ ಅದನ್ನು ಇಡುವ ಏಳನೇ ಶತಮಾನದಲ್ಲಿ ಕಡಿಮೆ, ಅಧಿಕಾರ ಭದ್ರವಾಗಿ ಬಹುಸಂಖ್ಯೆ ಕೈಗೆ ಬಂದ ನಂತರದ ಶತಮಾನಗಳಲ್ಲಿ ಹೆಚ್ಚು.

ಇದೇ ಕ್ರಮ ಕ್ರೈಸ್ತ ಧರ್ಮದ ಇತಿಹಾಸದಲ್ಲೂ ಕಾಣುತ್ತದೆ. ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1996ರ ತಮ್ಮ ಪುಸ್ತಕದಲ್ಲಿ, ಕ್ರಿ.ಶ. 40ರಲ್ಲಿ ಸಾವಿರ ಕ್ರೈಸ್ತರಿದ್ದರೆಂದು ಹಿಡಿದು, ದಶಕಕ್ಕೆ ಶೇ. 40ರಂತೆ ಬೆಳೆದರೂ 350ರ ಹೊತ್ತಿಗೆ 3 ಕೋಟಿ ದಾಟುತ್ತದೆಂದು ಲೆಕ್ಕ ಹಾಕಿದರು. ಪವಾಡವೂ ಬೇಡ, ಸಾಮ್ರಾಟ ಕಾನ್‌ಸ್ಟಂಟೈನನ ಕೃಪೆಯೂ ಬೇಡ, ನೆಂಟರಿಷ್ಟರ ಮೂಲಕ ಹಬ್ಬಿದರೆ ಸಾಕು ಎಂಬುದು ಅವರ ವಾದ. ಬುಲಿಯಟ್ ಅವರಿಗೆ ನೂರಾರು ವಂಶಾವಳಿಗಳ ನೆಲಗಟ್ಟಿತ್ತು, ಸ್ಟಾರ್ಕ್ ಅವರಿಗೆ ಇದ್ದದ್ದು ಆರಂಭದ ಒಂದು ಊಹೆ ಮತ್ತು ಗುಣಾಕಾರ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ರಾಜ್ಯಾಧಿಕಾರ ಸಿಗುವವರೆಗಿನ ಮೂರು ಶತಮಾನ ಕ್ರೈಸ್ತ ಧರ್ಮ ಒತ್ತಾಯವಿಲ್ಲದೆ ಬೆಳೆಯಿತು ಎಂಬುದು ನಿಜ. ಸಾಮ್ರಾಜ್ಯದ ಧರ್ಮವಾದ ಮೇಲೆ ನಡತೆ ಬದಲಾಯಿತು. ದೊರೆ ಶಾರ್ಲಮೇನ್ ಸ್ಯಾಕ್ಸನರಿಗೆ ವಿಧಿಸಿದ ಕಾನೂನಿನಲ್ಲಿ ದೀಕ್ಷಾಸ್ನಾನ ನಿರಾಕರಿಸಿದವರಿಗೆ ಸಾವೇ ಶಿಕ್ಷೆ. 1502ರಲ್ಲಿ ಕ್ಯಾಸ್ಟೀಲಿನ ಮುಸ್ಲಿಮರ ಮುಂದಿಟ್ಟದ್ದು ದೀಕ್ಷೆ ಅಥವಾ ದೇಶತ್ಯಾಗ. ದೀಕ್ಷೆ ಪಡೆದವರ ಮೊಮ್ಮಕ್ಕಳು ಮರಿಮಕ್ಕಳನ್ನೂ 1609ರಿಂದ 1614ರ ನಡುವೆ ಸ್ಪೇನಿನಿಂದ ಹೊರಹಾಕಲಾಯಿತು. ಎರಡು ಧರ್ಮಗಳಲ್ಲಿ ಒಂದು ಸ್ವಭಾವತಃ ಕತ್ತಿಯದು, ಇನ್ನೊಂದು ಸ್ವಭಾವತಃ ಪ್ರೀತಿಯದು ಎಂಬ ವಿಂಗಡಣೆ ಈ ಕಾಲಾನುಕ್ರಮದ ಮುಂದೆ ನಿಲ್ಲುವುದಿಲ್ಲ.

ಹೆಸರುಗಳಿಂದ ಮತಾಂತರವನ್ನು ಅಳೆಯುವ ದಾರಿ ಭಾರತಕ್ಕೂ ಬಂದಿದೆ. ವಿಜಯಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ರಿಚರ್ಡ್ ಈಟನ್ ಅವರೇ ಅದನ್ನು ಇಲ್ಲಿ ಬಳಸಿದವರು. ವಿಜಯಪುರದ ಅಧ್ಯಯನದಲ್ಲಿ ಅವರಿಗೆ ಆಧಾರವಾದದ್ದು ಬೇರೆ ಬಗೆಯ ಸಾಮಗ್ರಿ. ಹೆಂಗಸರು ಬೀಸುವಾಗ ಹಾಡುತ್ತಿದ್ದ ದಖನಿ ಪದಗಳು ಅದರಲ್ಲಿ ಮುಖ್ಯವಾದವು. ಹೆಸರುಗಳ ವಿಧಾನವನ್ನು ಅವರು ಪ್ರಯೋಗಿಸಿದ್ದು ಪಂಜಾಬಿನ ಸಿಯಾಲ್ ಕುಲದ ಮೇಲೆ. ಪಾಕ್‌ಪಟ್ಟಣದ ಬಾಬಾ ಫರೀದರ ದರ್ಗಾಕ್ಕೆ ನಡೆದುಕೊಳ್ಳುತ್ತಿದ್ದ ಈ ಕುಲದ ವಂಶಾವಳಿಯಲ್ಲಿ ಹದಿನೈದನೇ ಶತಮಾನದ ಆರಂಭದಲ್ಲಿ ಮುಸ್ಲಿಂ ಹೆಸರುಗಳು ಹತ್ತಕ್ಕೆ ಒಂದರಂತೆ ಇದ್ದವು. ಹದಿನೇಳನೇ ಶತಮಾನದ ಮಧ್ಯಕ್ಕೆ ಅರ್ಧವನ್ನು ದಾಟಿದವು. ಎಲ್ಲವೂ ಮುಸ್ಲಿಂ ಹೆಸರುಗಳಾದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಆ ನಾಲ್ಕು ಶತಮಾನಗಳಲ್ಲಿ ದೆಹಲಿಯಲ್ಲಿ ಹಲವು ರಾಜವಂಶಗಳು ಬದಲಾದವು, ಪಂಜಾಬ್ ಸಿಖ್ಖರ ಆಳ್ವಿಕೆಗೆ ಬಂತು, ಮುಸ್ಲಿಂ ಹೆಸರುಗಳ ಪ್ರಮಾಣ ಮಾತ್ರ ಏರುತ್ತಲೇ ಇತ್ತು.