ಒಂದನೇ ನಂಬರಿನ ಹುಡುಗಿ

ದಕ್ಷಿಣ ಕೊರಿಯಾದ ಏಳಿಗೆಯನ್ನು ಅಂಕಿಗಳಲ್ಲಿ ಹೇಳುವುದು ಸುಲಭ. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ರಲ್ಲಿ 1000 ಕೋಟಿ ಮುಟ್ಟಿತು. ಸೋಲ್ ನಗರದ ಗೂರೋ ಕೈಗಾರಿಕಾ ವಸಾಹತು ಹುಟ್ಟಿದ್ದೇ ರಫ್ತಿಗಾಗಿ. ಬಟ್ಟೆ, ವಿಗ್ಗುಗಳ ಜೊತೆ ಎಲೆಕ್ಟ್ರಾನಿಕ್ಸ್ ಕೂಡ ಅಲ್ಲಿಂದ ಹಡಗು ಹತ್ತಿತು. ಅದರ ಸ್ಕ್ರೂ ತಿರುಗಿಸಿದವರು ಯಾರು ಎಂದು ಕೇಳುವವರು ಶಿನ್ ಕ್ಯುಂಗ್-ಸೂಕ್ ಅವರ 1995ರ ಆತ್ಮಕಥನಾತ್ಮಕ ಕಾದಂಬರಿಯನ್ನು ಓದಬೇಕು. 2015ರಲ್ಲಿ ಅದು ‘ದಿ ಗರ್ಲ್ ಹೂ ರೋಟ್ ಲೋನ್ಲಿನೆಸ್’ ಎಂದು ಇಂಗ್ಲಿಷಿಗೆ ಬಂತು.

ಹಳ್ಳಿಯಿಂದ ಬಂದ ಹದಿನಾರರ ಹುಡುಗಿ ಸ್ಟೀರಿಯೊ ಕಾರ್ಖಾನೆಯಲ್ಲಿ ‘ಎ’ ಲೈನಿನ ಒಂದನೇ ನಂಬರ್. ಜೊತೆಗೆ ಬಂದ ಸೋದರಸಂಬಂಧಿ ಅಕ್ಕ ಎರಡನೇ ನಂಬರ್. ಎಕ್ಸೆಲ್ ಹಾಳೆಯಲ್ಲಿ ದಿನವೂ ಜನರನ್ನು ‘ರಿಸೋರ್ಸ್’ ಎಂದು ಬರೆಯುವ ನನಗೆ ಈ ಲೆಕ್ಕ ಹೊಸತಲ್ಲ. ವಾಸ ಮೂವತ್ತೇಳು ಕೋಣೆಗಳ ಮನೆಯ ಒಂದು ಕೋಣೆಯಲ್ಲಿ. ರಾತ್ರಿಶಾಲೆಯ ಆಸೆಗೆ ಅವರು ಯೂನಿಯನ್ ಬಿಡುವ ಪ್ರಸಂಗವೇ ಕಾದಂಬರಿಯ ಜೀವ. ಓದು ಬಿಡುಗಡೆಯ ದಾರಿಯೂ ಹೌದು, ಸಂಗಾತಿಗಳಿಂದ ದೂರವಾಗುವ ದಾರಿಯೂ ಹೌದು.

ಮುಂದೆ ಲೇಖಕಿಯಾದವಳಿಗೆ ಹಳೆಯ ಸಹಪಾಠಿಯೊಬ್ಬಳು ಫೋನ್ ಮಾಡಿ, ನಮ್ಮ ಬಗ್ಗೆ ಯಾಕೆ ಬರೆಯುವುದಿಲ್ಲ ಎಂದು ಕೇಳುತ್ತಾಳೆ. ತಡವರಿಸುತ್ತ ಕೊಟ್ಟ ಉತ್ತರವೇ ಈ ಪುಸ್ತಕ. ನಿರೂಪಕಿ ಪದೇ ಪದೇ ತನ್ನ ಕಥೆಯನ್ನೇ ತಡೆದು ನಿಲ್ಲಿಸುತ್ತಾಳೆ. ಕೊನೆಕೊನೆಗೆ ಇದು ದಣಿಸುತ್ತದೆ. ಆದರೆ ಸರಾಗವಾಗಿ ಹೇಳಿದ್ದರೆ ಬಡಹುಡುಗಿ ಕಷ್ಟಪಟ್ಟು ಮೇಲೆ ಬಂದ ಇನ್ನೊಂದು ಏಳಿಗೆಯ ಕಥೆಯಾಗುತ್ತಿತ್ತು. ಅದೇ ಮನೆಯಲ್ಲಿದ್ದು ಅಲ್ಲೇ ತೀರಿಕೊಂಡ ಗೆಳತಿ ಹೀ-ಜೇಗೆ ಅದರಲ್ಲಿ ಜಾಗ ಸಿಗುತ್ತಿರಲಿಲ್ಲ.